ಕೊಂಡು ತಂದ ಕುಸ್ವಾರ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಕೊಳ್ಳಬಾರದು

ಈ ಡಿಸೆಂಬರ್‌ನಲ್ಲಿ ನಾನು ಮೂರು ಕಿಲೋ ಕುಸ್ವಾರನ್ನು ದುಡ್ಡು ಕೊಟ್ಟು ತಂದೆ. ನನಗೀಗ 51 ವರ್ಷ. ಹೀಗೆ ಮಾಡಿದ್ದು ಇದೇ ಮೊದಲು. ಮಂಗಳೂರಿನ ಕೆಥೊಲಿಕ್ ಮನೆಯಲ್ಲಿ ಬೆಳೆದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಕೂಡಲೇ ಗೊತ್ತಾಗುತ್ತದೆ. ಉಳಿದವರಿಗೆ ಸ್ವಲ್ಪ ಹೇಳಬೇಕು.

ಕುಸ್ವಾರ್ ಅನ್ನುವುದು ಒಂದು ತಿಂಡಿಯ ಹೆಸರಲ್ಲ. ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳನ್ನೆಲ್ಲ ಒಟ್ಟಿಗೆ ಹಾಗೆ ಕರೆಯುತ್ತೇವೆ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು, ಕೇಕು. ಮನೆಯಿಂದ ಮನೆಗೆ ಈ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಪೋರ್ಚುಗೀಸರು ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಕೊನ್ಸುಆದಾ ಅನ್ನುತ್ತಾರೆ. ಆ ಮಾತು ಗೋವಾ ದಾಟಿ ನಮ್ಮಲ್ಲಿಗೆ ಬರುವಾಗ ಕುಸ್ವಾರ್ ಆಯಿತು ಅಂತ ಹಿರಿಯರು ಹೇಳುತ್ತಾರೆ. ಹೆಸರು ಎಲ್ಲಿಂದಲೇ ಬಂದಿರಲಿ, ತಿಂಡಿಗಳು ನಿಮಗೂ ಪರಿಚಯದವೇ. ನೆವ್ರಿ ಅಂದರೆ ಕರ್ಜಿಕಾಯಿ. ತುಕ್ಡಿ ಅಂದರೆ ಶಂಕರಪೋಳಿ. ಕೊಕ್ಕಿಸಾಂ ಅಂದರೆ ಅಚ್ಚು ಎಣ್ಣೆಯಲ್ಲಿ ಅದ್ದಿ ಮಾಡುವ ಹೂವಿನ ಆಕಾರದ ತಿಂಡಿ. ಗಣೇಶ ಚೌತಿಗೆ ಕೊಂಕಣಿ ಹಿಂದೂಗಳ ಮನೆಯಲ್ಲೂ ನೆವ್ರಿ ಮಾಡುತ್ತಾರೆ.

ಇವನ್ನು ಮಾಡುವುದು ಮನೆಯವರು ತಿನ್ನಲಿಕ್ಕೆ ಮಾತ್ರ ಅಲ್ಲ. ತಟ್ಟೆಯಲ್ಲಿ ಜೋಡಿಸಿ, ಮೇಲೆ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆ ಮುಚ್ಚಿ, ಅಕ್ಕಪಕ್ಕದ ಮನೆಗೆ ಕೊಡಬೇಕು. ಅದಕ್ಕೇ ಮಂಗಳೂರಿನ ಬಿಜೈಯಲ್ಲಿ ನಾನು ಹುಟ್ಟಿದ ಬೀದಿಯಲ್ಲಿ ಕುಸ್ವಾರ್ ಕೊಂಡು ತರುವುದು ನಾಚಿಕೆಯ ವಿಷಯವಾಗಿತ್ತು. ಬೇಕರಿಯವರು ಡಿಸೆಂಬರ್‌ನಲ್ಲಿ ಪ್ಯಾಕೆಟ್ ಕಟ್ಟಿ ಇಡುತ್ತಿದ್ದರು. ಅದು ಪರವೂರಿಂದ ಬಂದವರಿಗೆ, ಗಲ್ಫಿಗೆ ಹೋಗುವವರಿಗೆ ಅಂತ ನಾವು ಅಂದುಕೊಂಡಿದ್ದೆವು.

ಹೋದ ವರ್ಷ ಅಕ್ಟೋಬರ್‌ನಲ್ಲಿ ಮಮ್ಮಿ ತೀರಿಕೊಂಡಳು. ಸಾವಾದ ವರ್ಷ ನಮ್ಮಲ್ಲಿ ಕುಸ್ವಾರ್‌ಗೆ ಬಾಣಲೆ ಇಡುವುದಿಲ್ಲ. ನೆಂಟರು, ನೆರೆಯವರು ತಂದುಕೊಡುತ್ತಾರೆ. ಹೋದ ಡಿಸೆಂಬರ್‌ನಲ್ಲಿ ನಮ್ಮ ಮನೆಗೆ 14 ತಟ್ಟೆ ಬಂತು, ಮನೆಯಿಂದ ಒಂದೂ ಹೋಗಲಿಲ್ಲ. ಈ ವರ್ಷ ಶುರು ಮಾಡಲೇಬೇಕಿತ್ತು. ನವೆಂಬರ್ ಕೊನೆಯಲ್ಲಿ ಮಮ್ಮಿಯ ನೋಟ್‌ಬುಕ್ ತೆಗೆದೆ.

ಅದು ಅಂಗಡಿ ಲೆಕ್ಕಕ್ಕೆ ಬಳಸುವ ಉದ್ದನೆಯ ಪುಸ್ತಕ. ವರ್ಷಕ್ಕೆ ಒಂದು ಪುಟ. ಮೇಲೆ ಸಾಮಾನು, ಕೆಳಗೆ ತಟ್ಟೆ ಕೊಡಬೇಕಾದ ಮನೆಗಳು. 1994ರ ಪುಟದಲ್ಲಿ ಮೈದಾ 7 ಕಿಲೋ, ತೆಂಗಿನಕಾಯಿ 22, ಮನೆ 31. ಆಮೇಲೆ ಒಂದೊಂದೇ ಹೆಸರಿನ ಮೇಲೆ ಗೀಟು. ಯಾರೋ ತೀರಿಕೊಂಡರು, ಯಾರೋ ಮನೆ ಮಾರಿದರು, ಎರಡು ಹಿತ್ತಿಲು ಸೇರಿ ಒಂದು ಫ್ಲ್ಯಾಟ್ ಬಂತು. ಕೊನೆಯ ಪುಟದಲ್ಲಿ 12 ಮನೆ ಉಳಿದಿದೆ. ಆ ಪುಟ ನನ್ನ ಕೈಬರಹದಲ್ಲಿದೆ. ಮಮ್ಮಿಯ ಕೈ ಆಗ ನಡುಗುತ್ತಿತ್ತು.

ಇತ್ತ ನನ್ನ ಬಲಭುಜ ಆಗಸ್ಟ್‌ನಿಂದ ಹಿಡಿದುಕೊಂಡಿದೆ. ಕೈ ಕಿವಿಯ ಮೇಲಕ್ಕೆ ಹೋಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಬೋರ್ಡಿನ ಮೇಲ್ಭಾಗ ಬಿಟ್ಟು ಕೆಳಗೆ ಮಾತ್ರ ಬರೆಯುತ್ತಿದ್ದೇನೆ. ಗಂಡ ಮಸ್ಕತ್‌ನಲ್ಲಿ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿ. ಒಬ್ಬಳೇ ನಿಂತು ನಾಲ್ಕು ಕಿಲೋ ಹಿಟ್ಟು ನಾದುವುದು ಆಗುವ ಮಾತಲ್ಲ. ಆಗ ಚರ್ಚಿನಲ್ಲಿ ಸಿಕ್ಕ ಒಬ್ಬರು ಕುಸ್ವಾರ್ ಮಾಡಿ ಮಾರುವ ಒಂದು ಅಡುಗೆಮನೆಯ ಬಗ್ಗೆ ಹೇಳಿದರು.

ಕುಲಶೇಖರದ ಕಡೆ ಒಂದು ಹಂಚಿನ ಮನೆ. ಬೋರ್ಡಿಲ್ಲ. ನಾಲ್ಕು ಹೆಂಗಸರು ಸೇರಿ ಡಿಸೆಂಬರ್ ತಿಂಗಳು ಮಾತ್ರ ಕುಸ್ವಾರ್ ಮಾಡುತ್ತಾರೆ. "ಹೆಸರು, ನಂಬರ್ ಎಲ್ಲ ಬರೆಯಬೇಡಿ ಟೀಚರ್, ಈಗ ಇರುವ ಆರ್ಡರೇ ಜಾಸ್ತಿ" ಅಂದರು. ಹಾಗಾಗಿ ಬರೆಯುತ್ತಿಲ್ಲ. ಆದರೆ ಮಂಗಳೂರಿನಲ್ಲಿ ಇಂಥ ಮನೆಗಳು ಈಗ ಸುಮಾರು ಇವೆ. ನೀವು ಯಾವ ಮನೆಯಿಂದ ತಂದರೂ ಏನು ನೋಡಿ ತರಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬಂದೀತು.

ಆರ್ಡರ್ ಹೇಳುವುದು ವಾಟ್ಸಾಪ್‌ನಲ್ಲಿ. ಡಿಸೆಂಬರ್ ಮೊದಲ ಭಾನುವಾರಕ್ಕೆ ಪಟ್ಟಿ ಮುಚ್ಚುತ್ತಾರೆ. ಅರ್ಧ ದುಡ್ಡು ಮುಂಗಡ. ಎಲ್ಲ ಬೆರೆಸಿದ ಕುಸ್ವಾರ್ ಕಿಲೋಗೆ 640 ರೂಪಾಯಿ. ಪ್ಲಾಸ್ಟಿಕ್ ಡಬ್ಬಿ ಇಲ್ಲ, ತಗಡಿನ ಡಬ್ಬಿಯಲ್ಲಿ ಕೊಡುತ್ತಾರೆ. ಡಬ್ಬಿಗೆ 150 ಠೇವಣಿ, ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ಈ ಏರ್ಪಾಡು ನನಗೆ ತುಂಬ ಹಿಡಿಸಿತು. ನಮ್ಮ ಸೆಕೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಚಕ್ಕುಲಿ ಎರಡು ದಿನಕ್ಕೆ ಮೆತ್ತಗಾಗುತ್ತದೆ.

ಆರ್ಡರ್ ಕೊಡುವ ಮುಂಚೆ ಹೋಗಿ ನೋಡಿದೆ. ನೀವೂ ಹೋಗಿ ನೋಡಿ, ಬೇಡ ಅನ್ನುವವರ ಹತ್ತಿರ ತರಬೇಡಿ. ಇವರು ಹಿಂದಿನ ಚಾವಡಿಯಲ್ಲಿ ಕಟ್ಟಿಗೆ ಒಲೆ ಹಾಕಿದ್ದರು. ಕರಿಯುವುದಕ್ಕೆ ತೆಂಗಿನೆಣ್ಣೆ. ಬಾಣಲೆಯಲ್ಲಿ ಎಣ್ಣೆ ತಿಳಿಯಾಗಿತ್ತು, ತಳ ಕಾಣುತ್ತಿತ್ತು. ನನಗೆ ಅಷ್ಟು ಸಾಕಾಯಿತು.

20ನೇ ತಾರೀಕು ಡಬ್ಬಿಗಳು ಕೈಗೆ ಬಂದವು. ಒಂದೊಂದೇ ಹೇಳುತ್ತೇನೆ.

ನೆವ್ರಿಯಿಂದ ಶುರು ಮಾಡೋಣ. ತಟ್ಟೆ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಅದಕ್ಕೇ ಅಲ್ವಾ. ನೆವ್ರಿಯ ಅಂಚು ನೋಡಬೇಕು. ಹಲ್ಲಿನ ಚಕ್ರದಲ್ಲಿ ಕತ್ತರಿಸಿದ ಅಂಚು ಬಿಗಿಯಾಗಿ ಕೂಡಿರಬೇಕು. ಒಂದೇ ಒಂದು ನೆವ್ರಿ ಎಣ್ಣೆಯಲ್ಲಿ ಬಾಯಿ ಬಿಟ್ಟರೂ ಒಳಗಿನ ತೆಂಗಿನತುರಿ, ಸಕ್ಕರೆ ಎಲ್ಲ ತಳಕ್ಕೆ ಹೋಗಿ ಕರಟುತ್ತದೆ. ಆಮೇಲೆ ಆ ಎಣ್ಣೆಗೆ ಬಿದ್ದ ಎಲ್ಲದಕ್ಕೂ ಕಪ್ಪು ಚುಕ್ಕಿ. ಮೂರು ಡಬ್ಬಿಯಲ್ಲಿ ಒಟ್ಟು 26 ನೆವ್ರಿ ಇತ್ತು. ಒಂದರಲ್ಲೂ ಚುಕ್ಕಿ ಇಲ್ಲ. ಇನ್ನೊಂದು ಪರೀಕ್ಷೆ ಮಮ್ಮಿ ಹೇಳಿಕೊಟ್ಟದ್ದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಹೂರಣ ಕಡಿಮೆ ಹಾಕಿದ್ದರೆ ಒಳಗೆ ಸದ್ದಾಗುತ್ತದೆ. ಇವು ಸದ್ದು ಮಾಡಲಿಲ್ಲ.

ಹೂರಣದಲ್ಲಿ ತೆಂಗಿನತುರಿ, ಹುರಿದ ಎಳ್ಳು, ಸ್ವಲ್ಪ ರವೆ, ಸಕ್ಕರೆ, ಏಲಕ್ಕಿ, ಗೋಡಂಬಿ ಚೂರು, ಒಣದ್ರಾಕ್ಷಿ. ಇದರಲ್ಲಿ ಕಷ್ಟದ ಕೆಲಸ ತೆಂಗಿನತುರಿಯದ್ದು. ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದ ಹಾಗೆ, ಪಸೆ ಪೂರಾ ಹೋಗುವ ತನಕ ಹುರಿಯಬೇಕು. ಅವಸರ ಮಾಡಿದರೆ ಮೊದಲ ದಿನ ಚೆನ್ನಾಗಿಯೇ ಇರುತ್ತದೆ, ವಾರ ಕಳೆದ ಮೇಲೆ ಕಮಟು ವಾಸನೆ ಬರುತ್ತದೆ. ಅದಕ್ಕೇ ಒಂದು ನೆವ್ರಿ ಎತ್ತಿಟ್ಟು ಒಂಬತ್ತನೇ ದಿನ ತಿಂದೆ. ಹೊಸದರ ಹಾಗೇ ಇತ್ತು. ಒಣದ್ರಾಕ್ಷಿ ಮಾತ್ರ ಸ್ವಲ್ಪ ಕಡಿಮೆ ಅನಿಸಿತು. ನಮ್ಮ ಮನೆಯ ನೆವ್ರಿಗಿಂತ ಇದು ಚೆನ್ನಾಗಿದೆ. ಇದನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು. ಆದರೆ ನಿಜ.

ಕೊಕ್ಕಿಸಾಂ ಕೂಡ ಕೊಳ್ಳಬಹುದು. ಕಬ್ಬಿಣದ ಅಚ್ಚು ಎಣ್ಣೆಯಲ್ಲೇ ಕಾಯಬೇಕು. ಆಮೇಲೆ ಅಕ್ಕಿಹಿಟ್ಟು, ಮೈದಾ, ಮೊಟ್ಟೆ, ತೆಂಗಿನ ಹಾಲಿನ ಹಿಟ್ಟಿಗೆ ಮುಕ್ಕಾಲು ಮಾತ್ರ ಅದ್ದಬೇಕು. ಮೇಲ್ಭಾಗ ಮುಳುಗಿದರೆ ಅಚ್ಚು ಬಿಟ್ಟು ಬರುವುದಿಲ್ಲ, ಕಡ್ಡಿ ಹಾಕಿ ಕೀಳಬೇಕು, ಹೂವು ಮುರಿಯುತ್ತದೆ. ಒಬ್ಬರೇ ಒಲೆಯ ಮುಂದೆ ಗಂಟೆಗಟ್ಟಲೆ ನಿಂತು ಮಾಡುವ ಕೆಲಸ ಇದು. ಇನ್ನೊಬ್ಬರು ಕೈ ಹಾಕಲಿಕ್ಕೆ ಜಾಗವೇ ಇಲ್ಲ. ಇವರ ಕೊಕ್ಕಿಸಾಂ ತೆಳ್ಳಗೆ, ಎಳ್ಳು ಕಾಣುವ ಹಾಗೆ, ಬಾಯಿಗೆ ಇಟ್ಟರೆ ಮುರಿಯುವ ಹಾಗೆ ಇತ್ತು.

ಗುಳಿಯೊ ಬಗ್ಗೆ ನನ್ನ ಮಾತು ಇನ್ನೂ ಗಟ್ಟಿ. ದಯವಿಟ್ಟು ಕೊಂಡೇ ತನ್ನಿ. ಅಕ್ಕಿಹಿಟ್ಟು, ತೆಂಗಿನಕಾಯಿಯ ಗೋಲಿಗಳು ಅವು. ಒಳಗೆ ಗಾಳಿ ಸೇರಿಕೊಂಡರೆ ಎಣ್ಣೆಯಲ್ಲಿ ಸಿಡಿಯುತ್ತವೆ. ಮಮ್ಮಿಯ ಎಡಗೈ ಮೇಲೆ ನಾಲ್ಕಾಣೆಯಷ್ಟಗಲದ ಕಲೆ ಇತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನ ಕ್ರಿಸ್ಮಸ್‌ನದ್ದು. ಕಳೆದ ವರ್ಷ ಆಸ್ಪತ್ರೆಯಲ್ಲಿ ಆ ಕೈ ಹಿಡಿದು ಕೂತಿದ್ದಾಗ ನನ್ನ ಹೆಬ್ಬೆರಳು ಅದೇ ಕಲೆಯ ಮೇಲಿತ್ತು. ಇವರ ಗುಳಿಯೊ ಸ್ವಲ್ಪ ಗಟ್ಟಿ. ವಯಸ್ಸಾದವರಿಗೆ ಕೊಡುವಾಗ ಹೇಳಿ ಕೊಡಿ.

ತುಕ್ಡಿ ಪರವಾಗಿಲ್ಲ. ಎಲ್ಲ ಬೇಕರಿಯ ತುಕ್ಡಿಯಂತೆಯೇ. ಕೇಕ್ ನಾನು ತರಲಿಲ್ಲ, ಅದನ್ನು ಶಾಲೆಯ ಗೆಳತಿ ಒಬ್ಬಳು ಪ್ರತಿವರ್ಷ ಕೊಡುತ್ತಾಳೆ.

ಚಕ್ಕುಲಿ ಚೆನ್ನಾಗಿರಲಿಲ್ಲ. ಮೊದಲ ದಿನವೇ ಗರಿಗರಿ ಇಲ್ಲ. ಉದ್ದು ಕಡಿಮೆ, ಬೆಣ್ಣೆ ಇನ್ನೂ ಕಡಿಮೆ. ಫೋನ್ ಮಾಡಿ ಹೇಳಿದೆ. ಅವರು ವಾದ ಮಾಡಲಿಲ್ಲ. "ಆ ದಿನದ ಹಿಟ್ಟು ಸರಿ ಬರಲಿಲ್ಲ, ಇಬ್ಬರು ಹೇಳಿದರು" ಅಂತ ಒಪ್ಪಿಕೊಂಡು ಮಾರನೇ ದಿನ ಬೇರೆ ಕಾಲು ಕಿಲೋ ಕೊಟ್ಟು ಕಳಿಸಿದರು. ಅದು ಚೆನ್ನಾಗಿತ್ತು. ತಪ್ಪು ಯಾರಿಗೂ ಆಗುತ್ತದೆ. ಕೇಳಿದ ಕೂಡಲೇ ಒಪ್ಪಿಕೊಳ್ಳುವವರು ನನಗೆ ಬೇಕು.

ಒಂದು ಎಚ್ಚರಿಕೆ. ಅರ್ಧ ಕಿಲೋ ನಾನೇ ಕಟ್ಟಿ ಮುಂಬಯಿಯಲ್ಲಿರುವ ತಮ್ಮನಿಗೆ ಕೊರಿಯರ್‌ನಲ್ಲಿ ಕಳಿಸಿದೆ. ಕೊಕ್ಕಿಸಾಂ ಪುಡಿ, ನೆವ್ರಿ ಅರ್ಧಕ್ಕರ್ಧ ಒಡೆದು ಹೂರಣ ಎಲ್ಲ ಡಬ್ಬಿಯ ತಳದಲ್ಲಿ. ದೂರಕ್ಕೆ ಕಳಿಸುವುದಾದರೆ ಕಿಡಿಯೊ, ಗುಳಿಯೊ, ತುಕ್ಡಿ ಮಾತ್ರ ಕಳಿಸಿ. ನೆವ್ರಿಯನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು.

ಈಗ ಕಿಡಿಯೊ. ಇಷ್ಟೆಲ್ಲ ಬರೆದದ್ದೇ ಇದಕ್ಕಾಗಿ.

ಕೊಂಕಣಿಯಲ್ಲಿ ಕಿಡೊ ಅಂದರೆ ಹುಳ. ಸುರುಳಿ ಸುತ್ತಿಕೊಂಡ ಹುಳುಗಳ ಹಾಗೆ ಕಾಣುವುದರಿಂದ ಈ ಹೆಸರು. ಮೈದಾ, ಮೊಟ್ಟೆ, ತೆಂಗಿನ ಹಾಲು, ಒಂದು ಚಮಚ ತುಪ್ಪ. ನಾದಿದ ಹಿಟ್ಟಿನಿಂದ ಬಟಾಣಿಯಷ್ಟು ತೆಗೆದು ಫೋರ್ಕಿನ ಬೆನ್ನ ಮೇಲೋ ಬಾಚಣಿಗೆಯ ಹಲ್ಲಿನ ಮೇಲೋ ಒತ್ತಿ, ಹೆಬ್ಬೆರಳಲ್ಲಿ ಉರುಳಿಸಿ ಬಿಡಿಸಬೇಕು. ಗೀರುಗಳಿರುವ ಪುಟ್ಟ ಸುರುಳಿ ಸಿಗುತ್ತದೆ. ಕರಿದು, ಸಕ್ಕರೆ ಪಾಕದಲ್ಲಿ ಹಾಕಿ, ಪಾಕ ಬೆಳ್ಳಗೆ ಅಂಟಿ ಒಣಗುವ ತನಕ ಕದಡುತ್ತಾ ಇರಬೇಕು.

ನಮ್ಮ ಮನೆಯಲ್ಲಿ ಅದಕ್ಕೆಂದೇ ನಾಲ್ಕು ಬಾಚಣಿಗೆ ಇವೆ. ಯಾರ ತಲೆಗೂ ತಾಗದವು. ವರ್ಷವಿಡೀ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿರುತ್ತವೆ. ಒಂದು ಕಿಲೋ ಹಿಟ್ಟಿಗೆ ನೂರಾರು ಕಿಡಿಯೊ. ಒಬ್ಬರಿಂದ ಆಗುವ ಕೆಲಸ ಅಲ್ಲವೇ ಅಲ್ಲ. ಹಾಗಾಗಿ ರಾತ್ರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಚಾಪೆ ಹಾಸಿ ಎಲ್ಲರೂ ಸುತ್ತ ಕೂರುತ್ತಿದ್ದೆವು. ಪಪ್ಪ ಕಿಡಿಯೊ ಮಾಡುತ್ತಿರಲಿಲ್ಲ. ಅವರು ರಾಕ್ಣೊ ಪತ್ರಿಕೆಯ ಕ್ರಿಸ್ಮಸ್ ಸಂಚಿಕೆಯ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಕನ್ನಡ ಅಕ್ಷರದ ಕೊಂಕಣಿ. ಪಕ್ಕದ ಮನೆಯ ತುಳು ಮಕ್ಕಳೂ ಬರುತ್ತಿದ್ದರು, ಕಥೆ ಅರ್ಧ ಅರ್ಥವಾಗುತ್ತಿತ್ತು, ಹಸಿ ಹಿಟ್ಟು ಕದ್ದು ತಿನ್ನುತ್ತಿದ್ದರು. ಕೋಣೆಯ ಮೂಲೆಯಲ್ಲಿ, ಯೇಸು ಹುಟ್ಟಿದ ದೃಶ್ಯದ ಗೋದಲಿಗೆಂದು ತೆಂಗಿನ ಚಿಪ್ಪಿನಲ್ಲಿ ಬಿತ್ತಿದ ರಾಗಿ ಅಷ್ಟರಲ್ಲಿ ಬೆರಳೆತ್ತರ ಹಸಿರಾಗಿರುತ್ತಿತ್ತು.

ತಂದ ಡಬ್ಬಿಯ ಕಿಡಿಯೊ ಹೇಗಿತ್ತು ಅಂದರೆ, ನಾನು ತಿಂದ ಕಿಡಿಯೊಗಳಲ್ಲೇ ಒಳ್ಳೆಯದು. ಎಲ್ಲ ಒಂದೇ ಅಳತೆ. ಗೀರುಗಳು ಸ್ಪಷ್ಟ. ಪಾಕ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳಗೆ ಪೂರಾ ಬೆಂದಿದೆ, ಹಲ್ಲಿಗೆ ಅಂಟುವುದಿಲ್ಲ. ನಾನು 30 ವರ್ಷ ಯಾವ ಕಿಡಿಯೊಗಾಗಿ ಒದ್ದಾಡಿದೆನೋ ಅದೇ ಕಿಡಿಯೊ.

ಅದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಸುಮ್ನೆ ಕೂತುಬಿಟ್ಟೆ.

ನನಗೆ ಸೊಟ್ಟ ಕಿಡಿಯೊ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ಗಣಿತದವಳು ಅಂತಲೋ, ತಟ್ಟೆ ನೋಡಿದ ನೆರೆಯವರು ಏನಂದುಕೊಳ್ಳುತ್ತಾರೋ ಅಂತಲೋ. ಎಂಟು ವರ್ಷದ ಹಿಂದೆ ಮಗಳಿಗೆ 14. ಅವಳು ಮಾಡಿದ ಕಿಡಿಯೊ ಒಂದು ದಪ್ಪ, ಒಂದು ಸಣ್ಣ, ಕೆಲವು ಬಿಚ್ಚಿಕೊಂಡು ಚಪ್ಪಟೆ. ನಾನು ಅವಳಿಗೆ ಏನೂ ಹೇಳಲಿಲ್ಲ. ಅವಳು ಮಲಗಲು ಹೋದ ಮೇಲೆ ಅವಳ ತಟ್ಟೆಯದ್ದನ್ನೆಲ್ಲ ಮುದ್ದೆ ಮಾಡಿ ಮತ್ತೆ ಉರುಳಿಸಿದೆ. ನೀರು ಕುಡಿಯಲು ಎದ್ದು ಬಂದವಳು ಬಾಗಿಲಲ್ಲಿ ನಿಂತು ನೋಡಿದಳು. ಅವಳೂ ಏನೂ ಹೇಳಲಿಲ್ಲ. ಮರುವರ್ಷ ಚಾಪೆ ಹಾಸಿದಾಗ "ನನಗೆ ಓದಲಿಕ್ಕೆ ಉಂಟು" ಅಂದಳು. ಅದರ ಮುಂದಿನ ವರ್ಷವೂ. ಆಮೇಲೆ ನಾನು ಕರೆಯುವುದನ್ನೇ ಬಿಟ್ಟೆ.

ಮಮ್ಮಿಯ ಕೊನೆಯ ಕ್ರಿಸ್ಮಸ್‌ನಲ್ಲೂ ಹಾಗೇ ಮಾಡಿದೆ. ಅವಳ ಕೈ ನಡುಗುತ್ತಿತ್ತು. ಬಾಚಣಿಗೆಯ ಮೇಲೆ ಹಿಟ್ಟು ನಿಲ್ಲುತ್ತಿರಲಿಲ್ಲ. ನಾನು ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡು "ನೀನು ಆರಾಮಾಗಿ ಕೂತುಕೋ ಮಮ್ಮಿ, ನಾನು ಮಾಡ್ತೇನೆ" ಅಂದೆ. ಪ್ರೀತಿಯಿಂದಲೇ ಅಂದೆ. ಅವಳು ಕೈ ಒರೆಸಿಕೊಂಡು ಗೋಡೆಗೆ ಒರಗಿ ಕೂತಳು. ರಾತ್ರಿ ಒಂದು ಗಂಟೆವರೆಗೆ ನನ್ನನ್ನು ನೋಡುತ್ತಾ ಕೂತಿದ್ದಳು. ಮಲಗು ಅಂದರೂ ಹೋಗಲಿಲ್ಲ. ಆ ವರ್ಷದ ಕಿಡಿಯೊ ಎಲ್ಲ ಒಂದೇ ಅಳತೆಯಲ್ಲಿ ಬಂದಿತ್ತು.

ಮಗಳು 22ರ ಬೆಳಿಗ್ಗೆ ರಾತ್ರಿ ಬಸ್ಸಿನಲ್ಲಿ ಬಂದಳು. ಕಾಫಿಯ ಜೊತೆ ಡಬ್ಬಿ ತೆರೆದು ಮುಂದಿಟ್ಟೆ. ಒಂದು ಕಿಡಿಯೊ ತೆಗೆದು ತಿರುಗಿಸಿ ನೋಡಿದಳು.

"ನೀನು ಮಾಡಿದ್ದಾ?"

"ಇಲ್ಲ. ಕೊಂಡದ್ದು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಭುಜ ನೋಡಿದಳು. "ನೋವು ಅಷ್ಟು ಉಂಟಾ?" ಅಂದಳು.

ಹೇಳಬೇಕು ಅಂತ ಏನೋ ಜೋಡಿಸಿಟ್ಟುಕೊಂಡಿದ್ದೆ. ಅದು ಯಾವುದೂ ಬರಲಿಲ್ಲ. "ನೀನು ಮಾಡಿದ್ದನ್ನೆಲ್ಲ ಆ ದಿನ ಮುದ್ದೆ ಮಾಡಿದೆನಲ್ಲ, ಅದು ನಾನು ಮಾಡಬಾರದಿತ್ತು" ಅಂದೆ. ಯಾವ ದಿನ ಅಂತ ಅವಳು ಕೇಳಲಿಲ್ಲ. ಎಂಟು ವರ್ಷ ಆಗಿದೆ, ಆದರೂ ಕೇಳಲಿಲ್ಲ. ಕಾಫಿ ಮುಗಿಸಿ ಲೋಟ ತೊಳೆದಿಟ್ಟಳು. "ಮೈದಾ ಉಂಟಾ ಮನೆಯಲ್ಲಿ?" ಅಂದಳು.

23ರ ರಾತ್ರಿ ಒಂದು ಕಿಲೋ ಹಿಟ್ಟು ಅವಳೇ ನಾದಿದಳು. ಚಾಪೆ ಹಾಸಿದೆವು. ಪಕ್ಕದ ಮನೆಯ ಅಕ್ಕನ ಮೊಮ್ಮಕ್ಕಳಿಬ್ಬರು ಬಂದರು, ಒಬ್ಬನಿಗೆ ಆರು, ಒಬ್ಬಳಿಗೆ ಒಂಬತ್ತು. ಗಂಡ ಮಸ್ಕತ್‌ನಿಂದ ವೀಡಿಯೊ ಕಾಲ್‌ನಲ್ಲಿ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದೆವು. ನಾಲ್ಕು ಬಾಚಣಿಗೆಗೆ ನಾಲ್ಕು ಜನ ಸರಿಯಾಯಿತು. ಮಮ್ಮಿಯ ಕೆಂಪು ಬಾಚಣಿಗೆ ಆರು ವರ್ಷದವನ ಕೈಗೆ ಹೋಯಿತು. ಅವನು ಬಟಾಣಿಯ ಬದಲು ನೆಲ್ಲಿಕಾಯಿಯಷ್ಟು ಹಿಟ್ಟು ತೆಗೆದ. ನನ್ನ ಕೈ ಅವನ ತಟ್ಟೆಯ ಕಡೆ ಹೋಯಿತು. ಮಗಳು ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ಇದನ್ನು ಬರೆಯುವಷ್ಟು ಸುಲಭವಾಗಿ ಮಾಡಲಿಲ್ಲ. ಆ ರಾತ್ರಿ ಐದಾರು ಸಲ ಕೈ ಹೋಯಿತು, ಐದಾರು ಸಲ ವಾಪಸ್ ಬಂತು.

ಭುಜದ ನೋವಿಗೆ ನಾನು ಕರಿಯುವ ಕಡೆ ಹೋಗಲೇ ಇಲ್ಲ. ಮಗಳು ಕರಿದಳು. ದಪ್ಪದವು ಒಳಗೆ ಸ್ವಲ್ಪ ಹಸಿ ಉಳಿದವು. ಸಣ್ಣವು ಜಾಸ್ತಿ ಕೆಂಪಾದವು. ಪಾಕ ಒಂದು ಕಡೆ ಗಟ್ಟಿ, ಒಂದು ಕಡೆ ತೆಳ್ಳಗೆ. ವಿಮರ್ಶೆ ಅಂದ ಮೇಲೆ ಇದನ್ನೂ ಹೇಳಬೇಕಲ್ಲ. ಕೊಂಡ ಕಿಡಿಯೊಗೆ ಹತ್ತಕ್ಕೆ ಹತ್ತು. ಮನೆಯ ಕಿಡಿಯೊಗೆ ಹತ್ತಕ್ಕೆ ಐದು.

ಎಲ್ಲ ಮುಗಿಯುವಾಗ ಹನ್ನೊಂದೂವರೆ. ಮಕ್ಕಳು ಮನೆಗೆ ಹೋಗಿದ್ದರು. ಗೋದಲಿಯ ಮುಂದೆ ಮೊಣಕಾಲೂರಿ ನಾವಿಬ್ಬರೇ ತೇರ್ಸ್ ಹೇಳಿದೆವು. ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರ ಹತ್ತಿರ ಬೆಸಾಂವ್ ಕೇಳುವುದು ನಮ್ಮ ಕ್ರಮ. ಆಶೀರ್ವಾದ ಕೇಳುವುದು. ಇಷ್ಟು ವರ್ಷ ಮೊದಲು ನಾನು ಮಮ್ಮಿಯ ಹತ್ತಿರ ಕೇಳುತ್ತಿದ್ದೆ. ಈಗ ಮನೆಯಲ್ಲಿ ನನಗಿಂತ ದೊಡ್ಡವರು ಯಾರೂ ಇಲ್ಲ. ಮಗಳು ಕೈ ಜೋಡಿಸಿ "ಬೆಸಾಂವ್ ದೀ ಮಮ್ಮಿ" ಅಂದಳು. ಬೆಂಗಳೂರಿಗೆ ಹೋದ ಮೇಲೆ ಅವಳು ಕೇಳಿರಲಿಲ್ಲ. ಅವಳ ತಲೆಯ ಮೇಲೆ ಕೈ ಇಡಲು ಭುಜ ಏಳಲಿಲ್ಲ. ಅವಳೇ ತಲೆ ಬಗ್ಗಿಸಿದಳು.

24ರಂದು ಹನ್ನೆರಡು ತಟ್ಟೆ ಜೋಡಿಸಿದೆವು. ಕೊಂಡ ಕಿಡಿಯೊ ತಟ್ಟೆಗೆ ಹಾಕಲಿಲ್ಲ, ಮನೆಯದ್ದನ್ನೇ ಹಾಕಿದೆವು. ಪ್ರತಿವರ್ಷ ಕೆಲಸದ ಸುಸ್ತಿಗೆ ತಟ್ಟೆಗಳನ್ನು ಯಾರ ಕೈಯಲ್ಲೋ ಕೊಟ್ಟು ಕಳಿಸುತ್ತಿದ್ದೆ. ಈ ಸಲ ಸುಸ್ತು ಇರಲಿಲ್ಲ. ನಾನೂ ಮಗಳೂ ನಡೆದೇ ಹೋದೆವು. ನಾಲ್ಕು ಮನೆಯಲ್ಲಿ ಕೂತು ಮಾತಾಡಿದೆವು. ಒಂದು ಮನೆಯ ಅಜ್ಜಿಗೆ ಕಣ್ಣು ಕಾಣುವುದಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷವಾಯಿತಂತೆ. 1,920 ರೂಪಾಯಿಗೆ ನನಗೆ ನಿಜವಾಗಿ ಸಿಕ್ಕಿದ್ದು ಆ ಸಂಜೆ. ಹಿಂದೆ ಆ ಸಂಜೆಗಳಲ್ಲಿ ನಾನು ಬಾಣಲೆ ತಿಕ್ಕುತ್ತಿದ್ದೆ.

ಪಕ್ಕದ ಮನೆಯ ಅಕ್ಕ ಮಮ್ಮಿಯನ್ನು ಬಾಯಮ್ಮ ಅನ್ನುತ್ತಿದ್ದರು. ತುಳುವಿನವರು ನಮ್ಮ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು, ಈ ಸಲ ಬಾಗಿಲು ತೆರೆದು "ಬನ್ನಿ ಬಾಯಮ್ಮ" ಅಂದರು. ಅವರಿಗೂ ಗೊತ್ತಾಗದೆ ಬಂದ ಮಾತು. ಮಗಳು ನನ್ನ ಕೈ ಹಿಡಿದುಕೊಂಡಳು. "ನೆವ್ರಿ, ಚಕ್ಕುಲಿ ಎಲ್ಲ ಕೊಂಡದ್ದು ಅಕ್ಕ, ಕಿಡಿಯೊ ಮಾತ್ರ ಮನೆಯದ್ದು" ಅಂತ ನಾನೇ ಹೇಳಿದೆ. ಹೇಳುವಾಗ ನಾಚಿಕೆ ಆಗಲಿಲ್ಲ. ಅವರು ತಟ್ಟೆಯಲ್ಲಿ ಹುಡುಕಿ ನೆಲ್ಲಿಕಾಯಿ ಗಾತ್ರದ ಕಿಡಿಯೊ ತೆಗೆದರು. "ಇದು ನಮ್ಮವನದ್ದು" ಅಂದು ಬಾಯಿಗೆ ಹಾಕಿಕೊಂಡರು. ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಯಾವಾಗಿನ ಹಾಗೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು.

ಮೊನ್ನೆ 30ಕ್ಕೆ ಡಬ್ಬಿ ವಾಪಸ್ ಕೊಡಲು ಕುಲಶೇಖರಕ್ಕೆ ಹೋಗಿದ್ದೆ. ಒಲೆ ಆರಿಸಿ, ಬಾಣಲೆ ಬೋರಲು ಹಾಕಿ, ನಾಲ್ವರೂ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದರು. ಠೇವಣಿ 450 ಎಣಿಸಿ ಕೊಟ್ಟರು. ಮುಂದಿನ ವರ್ಷಕ್ಕೆ ಈಗಲೇ ಬರೆಸುತ್ತೇನೆ ಅಂದೆ. ನೆವ್ರಿ 40, ಕೊಕ್ಕಿಸಾಂ ಅರ್ಧ ಕಿಲೋ, ಗುಳಿಯೊ ಅರ್ಧ ಕಿಲೋ.

"ಕಿಡಿಯೊ?" ಅಂತ ಬರೆಯುತ್ತಿದ್ದವರು ಕೇಳಿದರು.

"ಕಿಡಿಯೊ ಬೇಡ."

ಅವರ ಮುಖ ಸ್ವಲ್ಪ ಸಣ್ಣದಾಯಿತು. "ಯಾಕೆ ಟೀಚರ್, ಸರಿ ಇರಲಿಲ್ವಾ?"

"ತುಂಬ ಚೆನ್ನಾಗಿತ್ತು. ಮನೆಯಲ್ಲಿ ಮಾಡ್ತೇವೆ" ಅಂದೆ. ಅವರು ಪೆನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಕ್ಷಣ ಯೋಚಿಸಿದರು. "ಹಾಗಾದರೆ ಹಿಟ್ಟಿಗೆ ತೆಂಗಿನ ಹಾಲು ಬಿಸಿ ಮಾಡಿ ಹಾಕಿ, ಸಣ್ಣ ಮಕ್ಕಳ ಕೈಗೂ ಮೆತ್ತಗೆ ಬರ್ತದೆ" ಅಂದರು. ಮನೆಗೆ ಬಂದು ಮಮ್ಮಿಯ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಅದನ್ನು ಬರೆದಿಟ್ಟೆ. ಕೆಳಗೆ ಮನೆ 13 ಅಂತಲೂ ಬರೆದೆ. ಹದಿಮೂರನೆಯದು ಕುಲಶೇಖರದ್ದು.